ಕೂಟುಪುಳ ಸೇತುವೆ ದಾಟಿದರೆ ಸ್ಪೀಡ್ ಹಿಡಿಯುವ ಕಣ್ಣೇ ಬೇರೆ

ಕೊಡಗಿನ ವಿರಾಜಪೇಟೆ ಬಿಟ್ಟು ಪೆರುಂಬಾಡಿ, ಮಾಕುಟ್ಟ ಘಾಟಿ ಇಳಿದು ಕೂಟುಪುಳ ಸೇತುವೆ ದಾಟಿದರೆ ಕೇರಳ. ಗಾಡಿ ಅದೇ, ಮೋಟಾರು ವಾಹನ ಕಾಯ್ದೆಯೂ ಅದೇ. ಆದರೆ ಸ್ಪೀಡ್ ಹಿಡಿಯುವ ರೀತಿ ಬೇರೆ, ದಂಡವೂ ಬೇರೆ. ನಮ್ಮವರು ಕಣ್ಣೂರಿಗೆ ಮದುವೆಗೋ ಆಸ್ಪತ್ರೆಗೋ ಹೋಗಿ ಬಂದು, ಮೊಬೈಲಿಗೆ ಚಲನ್ ಮೆಸೇಜ್ ಬಂದಾಗಲೇ ಇದು ಗೊತ್ತಾಗುವುದು.

ಇದರ ಬೇರು 1988ರ ಕಾಯ್ದೆಯಲ್ಲೇ ಇದೆ. ಅದರ 112ನೇ ಸೆಕ್ಷನ್ ಪ್ರಕಾರ ಗರಿಷ್ಠ ವೇಗ ಎಷ್ಟು ಅಂತ ಹೇಳುವುದು ಕೇಂದ್ರ, ಅದಕ್ಕಿಂತ ಕಡಿಮೆ ಮಾಡುವ ಅಧಿಕಾರ ರಾಜ್ಯದ್ದು. ಕೇರಳ 2023ರ ಜುಲೈ 1ರಿಂದ ಬೈಕು, ಸ್ಕೂಟರುಗಳ ಮಿತಿಯನ್ನು ಗಂಟೆಗೆ 70 ಕಿಲೋಮೀಟರ್‌ನಿಂದ 60ಕ್ಕೆ ಇಳಿಸಿದ್ದು ಹೀಗೆ.

183ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮುಖ್ಯ ಮಾತಿದೆ. 'ಜೋರಾಗಿ ಬಂದ, ನಾನೇ ನೋಡಿದೆ' ಅಂತ ಒಬ್ಬ ಪೊಲೀಸ್ ಹೇಳಿದರೆ ಸಾಲದು, ಯಂತ್ರದ ಅಳತೆ ಬೇಕು. ಅದಕ್ಕೇ ದೂರದಿಂದಲೇ ಸ್ಪೀಡ್ ಅಳೆಯುವ ರಾಡಾರ್ ಗನ್, ಆಮೇಲೆ ಲೇಸರ್ ಗನ್, ಇಂಥ ಯಂತ್ರ ಹೊತ್ತ ಪೊಲೀಸರ ಇಂಟರ್‌ಸೆಪ್ಟರ್ ಗಾಡಿಗಳು ರಸ್ತೆಗೆ ಬಂದವು. ಗನ್ನಿಗೆ ಎದುರಿನ ಗಾಡಿ ನೇರವಾಗಿ ಕಾಣಬೇಕು. ಕೊಡಗಿನಲ್ಲಿ ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ, ಹಾಗಾಗಿ ಪೊಲೀಸರು ನೇರ ರಸ್ತೆ ಸಿಕ್ಕಲ್ಲೇ ನಿಲ್ಲಬೇಕು, ಆದರೆ ಮಳೆಗಾಲದ ಮಂಜಿನಲ್ಲಿ ಮಾಕುಟ್ಟದ ತಿರುವಿಗೆ 40ರಲ್ಲಿ ನುಗ್ಗುವವನು ನೇರ ರಸ್ತೆಯಲ್ಲಿ 75ರಲ್ಲಿ ಹೋಗುವವನಿಗಿಂತ ಅಪಾಯ, ಅಲ್ವಾ? ಅವನನ್ನು ಯಾವ ಗನ್ನೂ ಹಿಡಿಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಹಂಪ್ಸ್, ಎಚ್ಚರಿಕೆ ಬೋರ್ಡು.

ಇದೇ ಕಾಯ್ದೆಯ 2019ರ ತಿದ್ದುಪಡಿ ಕ್ಯಾಮೆರಾಗಳಿಗೆ ಬಾಗಿಲು ತೆರೆಯಿತು. ಕೇರಳದಲ್ಲಿ 2023ರ ಜೂನ್ 5ರಿಂದ 'ಸೇಫ್ ಕೇರಳ' ಯೋಜನೆಯ 726 ಕ್ಯಾಮೆರಾಗಳ ದಂಡ ಶುರುವಾಯಿತು. ನಡೆಸುವುದು ಪೊಲೀಸರಲ್ಲ, ಮೋಟಾರು ವಾಹನ ಇಲಾಖೆ. ಎಲ್ಲವೂ ಸ್ಪೀಡ್ ಕ್ಯಾಮೆರಾ ಅಂತ ಇಲ್ಲಿ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅವುಗಳಲ್ಲಿ 675 ಇದ್ದದ್ದು ಹೆಲ್ಮೆಟ್, ಸೀಟ್ ಬೆಲ್ಟ್‌ನಂಥವಕ್ಕೆ, ಸ್ಪೀಡ್‌ಗೆ ಇದ್ದದ್ದು ಬರೀ 8. ಕಾರಿನ ಅತಿವೇಗಕ್ಕೆ ಅಲ್ಲಿ 1500 ರೂಪಾಯಿ, ನಮ್ಮಲ್ಲಿ 1000.

ಕರ್ನಾಟಕ ಹೋದ ದಾರಿ ಬೇರೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಬಂತು, 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿಲೋಮೀಟರ್ ವೇಗ ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಹೇಳಿದರು. ಅದಕ್ಕೂ ಮುಂಚೆ, 2023ರ ಫೆಬ್ರವರಿಯಲ್ಲಿ, ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದರು. ಇದು ನನಗೆ ಸರಿ ಕಾಣುವುದಿಲ್ಲ. ತಪ್ಪಿಗೆ ಕೂಡಲೇ ದಂಡ ಕಟ್ಟಿದವನೇ ಜಾಸ್ತಿ ಕಟ್ಟಿದಂತಾಯಿತು.

2021ರ ಕೇಂದ್ರ ನಿಯಮ ಮಾತ್ರ ಎರಡೂ ರಾಜ್ಯಕ್ಕೆ ಒಂದೇ. ಕ್ಯಾಮೆರಾ ಇರುವ ಕಡೆ ಎಚ್ಚರಿಕೆ ಬೋರ್ಡ್ ಇರಬೇಕು, ಯಂತ್ರಕ್ಕೆ ಸರ್ಟಿಫಿಕೇಟ್ ಇರಬೇಕು, 15 ದಿನದೊಳಗೆ ನೋಟಿಸ್ ಕಳಿಸಬೇಕು. ಆರ್‌ಸಿಯಲ್ಲಿ ಹಳೇ ಮೊಬೈಲ್ ನಂಬರ್ ಇದ್ದರೆ ಮೆಸೇಜ್ ನಿಮ್ಮ ಕೈಗೆ ಬರುವುದೇ ಇಲ್ಲ, ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಕೂಟುಪುಳದಲ್ಲೂ ವಯನಾಡು ಕಡೆಯ ಗಡಿ ಕುಟ್ಟದಲ್ಲೂ, 'ಇಲ್ಲಿಂದ ಮುಂದೆ ಮಿತಿ ಇಷ್ಟು' ಅಂತ ಕನ್ನಡ, ಮಲಯಾಳ ಎರಡರಲ್ಲೂ ಬರೆದ ದೊಡ್ಡ ಬೋರ್ಡ್ ಗಡಿಯಲ್ಲೇ ನಿಲ್ಲಲಿ, ರಾತ್ರಿ ಲೈಟಿಗೆ ಹೊಳೆಯುವಂಥದ್ದು.