ಗೋಡೆ ಆರುವ ತನಕ ಕಾಯುವ ಮೇಸ್ತ್ರಿಗೂ ಕೂಲಿ ಕೊಡಿ

ಮಲೆನಾಡಿನಲ್ಲಿ ಹಳೆ ಮನೆ ದುರಸ್ತಿಗೆ ಜನ ನನ್ನನ್ನು ಕರೆಯುವುದು ಹೆಚ್ಚಾಗಿ ಆರ್ದ್ರಾ ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಗೋಡೆ ನೋಡಲು ಚೆನ್ನಾಗಿಯೇ ಇರುತ್ತದೆ. ಜೂನ್ ಕೊನೆಯ ಹೊತ್ತಿಗೆ ದೇವರಕೋಣೆಯ ಮೂಲೆಯಲ್ಲಿ ನೀರು ಜಿನುಗುತ್ತದೆ, ಬಾಗಿಲು ಹಿಡಿದುಕೊಳ್ಳುತ್ತದೆ, ಅಟ್ಟದಲ್ಲಿ ಹನಿ ಬೀಳುವ ಕಡೆಗೆಲ್ಲ ಪಾತ್ರೆ ಇಡಬೇಕಾಗುತ್ತದೆ. ಆಗ ಫೋನು ಬರುತ್ತದೆ: ಮೇಸ್ತ್ರಿ ಸಿಕ್ಕಿದ್ದಾನೆ, ಸಿಮೆಂಟು ಇಳಿಸಿ ಆಗಿದೆ, ಚೌತಿಯೊಳಗೆ ಮುಗಿಯಬೇಕು, ನೀವೊಮ್ಮೆ ಬಂದು ಹೋಗಿ.

ಇಂಥವರಿಗೆಲ್ಲ ನಾನು ಹೇಳುವುದು ಒಂದೇ. ಸಿಮೆಂಟು ವಾಪಸ್ ಕಳಿಸಿ, ಮೇಸ್ತ್ರಿಯನ್ನು ಉಳಿಸಿಕೊಳ್ಳಿ. ಮಳೆಗಾಲ ಮುಚ್ಚುವ ಕೆಲಸಕ್ಕೆ ಕೆಟ್ಟ ಕಾಲ. ಬಿಚ್ಚಿ ನೋಡುವುದಕ್ಕೆ, ನೀರಿನ ದಾರಿ ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಮಾರ್ಚ್ ತಿಂಗಳಲ್ಲಿ ಹೋಗಿ ನೋಡಿದರೆ ನಾನೂ ಊಹೆ ಮಾಡಬೇಕು. ಜುಲೈ ತಿಂಗಳಲ್ಲಿ ಎಲ್ಲಿ ಸೋರುತ್ತದೆ, ಎಲ್ಲಿ ಕುಡಿಯುತ್ತದೆ ಎನ್ನುವುದು ಕಣ್ಣೆದುರೇ ಇರುತ್ತದೆ.

ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಾಗಲಿ, ಕೆಂಪುಕಲ್ಲಿನ ಗೋಡೆಯಾಗಲಿ, ನೀರು ಕುಡಿಯುವುದೂ ಬಿಡುವುದೂ ಅದರ ಸ್ವಭಾವ. ಮಳೆಗಾಲದಲ್ಲಿ ಪಂಚಾಂಗದಿಂದ, ಅಂದರೆ ಗೋಡೆ ಬುಡದ ಕಲ್ಲುಕಟ್ಟಿನಿಂದ, ಮೇಲೇರಿದ ತೇವ ಬೇಸಿಗೆಯ ಗಾಳಿಗೆ ಗೋಡೆಯ ಮೈಯಿಂದಲೇ ಆರಿಹೋಗುತ್ತದೆ. ಹಿಂದಿನವರು ಮಣ್ಣಿನ ಗಾರೆ ಮೆತ್ತಿ ಸುಣ್ಣ ಬಳಿಯುತ್ತಿದ್ದರಲ್ಲ, ಅವೆರಡೂ ಈ ಆರುವಿಕೆಗೆ ಅಡ್ಡ ಬರುವುದಿಲ್ಲ. ಅದರ ಮೇಲೆ ಸಿಮೆಂಟ್ ಗಾರೆ, ಪುಟ್ಟಿ, ಪ್ಲಾಸ್ಟಿಕ್ ಪೇಂಟು ಹಾಕಿದರೆ ನೀರಿಗೆ ಹೊರಗೆ ಬರುವ ದಾರಿ ಮುಚ್ಚಿಹೋಗುತ್ತದೆ. ಆಗ ಅದು ಗೋಡೆಯೊಳಗೇ ಇನ್ನೂ ಮೇಲೆ ಹತ್ತುತ್ತದೆ, ಮಣ್ಣಿನಲ್ಲಿರುವ ಲವಣವನ್ನೂ ಜೊತೆಗೆ ಒಯ್ಯುತ್ತದೆ. ಬೇಸಿಗೆಯಲ್ಲಿ ಆ ಲವಣ ಗಾರೆಯ ಹಿಂದೆ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ದೂಡುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವ ಜಾಗಗಳು ಇವೇ. ಎರಡು ಮೂರು ಮಳೆಗಾಲದಲ್ಲಿ ಗಾರೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ, ಬೀಳುವಾಗ ಹಳೆ ಗೋಡೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಮಣ್ಣಿನ ಗೋಡೆಯ ಬುಡ ಬಹಳ ಕಾಲ ಒದ್ದೆಯಾಗಿಯೇ ಉಳಿದರೆ ಇನ್ನೂ ಅಪಾಯ: ಹೊರೆ ತಡೆಯುವ ಶಕ್ತಿ ಕಳೆದುಕೊಂಡು ಗೋಡೆ ಹೊಟ್ಟೆ ಬಿಡುತ್ತದೆ.

ಮಳೆಗಾಲದಲ್ಲಿ ಕ್ಯೂರಿಂಗ್ ಖರ್ಚಿಲ್ಲ, ದೇವರೇ ನೀರು ಹಾಕುತ್ತಾನೆ ಎಂದು ಮೇಸ್ತ್ರಿಗಳು ಹೇಳುವುದುಂಟು. ಹೊಸ ಕಾಂಕ್ರೀಟು ಗಟ್ಟಿಯಾದ ಮೇಲೆ ಆ ಮಾತು ಸರಿ, ಅದು ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ 10 ದಿನ ಒದ್ದೆ ಇರಬೇಕು. ಹಳೆ ಗೋಡೆಗೆ ಹಾಕುವ ಸುಣ್ಣದ ಗಾರೆಯ ವಿಷಯ ಬೇರೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು. ಅದಕ್ಕೆ ಸ್ವಲ್ಪ ತೇವ ಬೇಕು, ಆದರೆ ಗಾರೆಯ ರಂಧ್ರಗಳಲ್ಲೆಲ್ಲ ನೀರೇ ತುಂಬಿದ್ದರೆ ಗಾಳಿ ಒಳಗೆ ಹೋಗುವುದು ಹೇಗೆ? ಆಶ್ಲೇಷ ಮಳೆಯಲ್ಲಿ ಹೊರಗೋಡೆಗೆ ಹಾಕಿದ ಸುಣ್ಣದ ಗಾರೆ ವಾರಗಟ್ಟಲೆ ಮೆತ್ತಗೇ ಇರುತ್ತದೆ. ಆಮೇಲೆ ಜನ ಸುಣ್ಣವನ್ನೇ ಬೈಯುತ್ತಾರೆ, ಸಿಮೆಂಟೇ ವಾಸಿ ಎನ್ನುತ್ತಾರೆ.

ಹಾಗಾದರೆ ಮಳೆಗಾಲದಲ್ಲಿ ಏನು ಮಾಡಬೇಕು? ಮೊದಲು ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಗೋಡೆಯಲ್ಲಿ ತೇವ ಎಲ್ಲಿಯ ತನಕ ಏರಿದೆಯೋ ಅಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಮತ್ತೆ ನೋಡಿ. ಕೊಪ್ಪದ ಕಡೆಯ ಒಂದು ತೊಟ್ಟಿ ಮನೆಯಲ್ಲಿ ಹೀಗೆ ಮಾಡಿಸಿದ್ದೆ. ಮನೆಯ ಅಮ್ಮ ತಾರೀಕಿನ ಜೊತೆಗೆ ಮಳೆ ನಕ್ಷತ್ರವನ್ನೂ ಬರೆಯುತ್ತಿದ್ದರು. ಪಡುವಣ ಗೋಡೆಯ ಅರ್ಧ ಭಾಗದಲ್ಲಿ ಆರ್ದ್ರೆಯ ಗೆರೆಗೂ ಪುನರ್ವಸುವಿನ ಗೆರೆಗೂ ಒಂದು ಗೇಣು ಅಂತರ ಬಿದ್ದಿತ್ತು. ಅದೇ ಗೋಡೆಯ ಉಳಿದರ್ಧದಲ್ಲಿ ಗೆರೆ ಕದಲಿರಲೇ ಇಲ್ಲ. ಎರಡೂ ಕಡೆ ಅದೇ ಮಣ್ಣು, ಅದೇ ಸೂರು. ಹೊರಗೆ ಹೋಗಿ ನೋಡಿದರೆ, ತೇವ ಏರಿದ ಕಡೆ ಅಂಗಳಕ್ಕೆ ಸಿಮೆಂಟ್ ಬಿಲ್ಲೆಗಳ ಇಂಟರ್‌ಲಾಕ್ ಹಾಕಿಸಿದ್ದರು. ಹಾಕುವಾಗ ಅಂಗಳವನ್ನು ಎತ್ತರಿಸಿದ್ದರು, ಪಂಚಾಂಗದ ಕಲ್ಲು ಅರ್ಧ ಹೂತುಹೋಗಿತ್ತು. ಸೂರಿನ ನೀರು ಇಂಟರ್‌ಲಾಕ್ ಮೇಲೆ ಬಿದ್ದು ಗೋಡೆಗೆ ಸಿಡಿಯುತ್ತಿತ್ತು, ನೆಲಕ್ಕಿಳಿದ ನೀರು ಮೇಲಿನಿಂದ ಆರಲು ದಾರಿಯಿಲ್ಲದೆ ಗೋಡೆಯನ್ನೇ ಹಿಡಿದು ಹತ್ತುತ್ತಿತ್ತು.

ಆ ಗೋಡೆಗೆ ನಾವು ಏನೂ ಮಾಡಲಿಲ್ಲ. ಗೋಡೆ ಬುಡದಿಂದ ಎರಡಡಿ ಅಗಲಕ್ಕೆ ಇಂಟರ್‌ಲಾಕ್ ಕಿತ್ತು, ಪಂಚಾಂಗದಿಂದ ಸ್ವಲ್ಪ ದೂರ ಇಟ್ಟು ಕಾಲುವೆ ತೆಗೆದು, ಇಳಿಜಾರು ಕೊಟ್ಟು ಜಲ್ಲಿ ತುಂಬಿಸಿದೆವು. ಜುಲೈ ಕೊನೆಯ ಪುಷ್ಯ ಮಳೆ ಪುನರ್ವಸುವಿಗಿಂತ ಜೋರಾಗಿ ಹೊಡೆಯಿತು, ಗೆರೆ ಮಾತ್ರ ಅಲ್ಲಿಗೇ ನಿಂತಿತು. ವಾಟರ್‌ಪ್ರೂಫ್ ಕೆಮಿಕಲ್ ಎಂದು ಅಂಗಡಿಯವರು ಕೊಟ್ಟಿದ್ದ ಅಂದಾಜಿನ ಪಟ್ಟಿ ಹಾಗೇ ಉಳಿಯಿತು. ನನ್ನ ಅನುಭವದಲ್ಲಿ ಹಳೆ ಮನೆಯ ತೇವಕ್ಕೆ ಕಾರಣ ಗೋಡೆಗಿಂತ ಅಂಗಳ, ಸೂರು, ಚರಂಡಿಗಳಲ್ಲೇ ಹೆಚ್ಚು. ಒಳಗೆ ಸೆಗಣಿ ಸಾರಿಸಿದ ನೆಲ ಅಗೆದು ವಿಟ್ರಿಫೈಡ್ ಟೈಲ್ಸ್ ಹಾಕಿದ ಮನೆಗಳಲ್ಲೂ ಇದೇ ಕಥೆ. ನೆಲದಿಂದ ಆರುತ್ತಿದ್ದ ತೇವವೆಲ್ಲ ಗೋಡೆಗೆ ತಿರುಗುತ್ತದೆ.

ತೇವ ಗೋಡೆಯ ಒಳಗಿನದೋ ಕೋಣೆಯ ಗಾಳಿಯದೋ ಎಂದು ಅನುಮಾನವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಬದಿಗೆ ಹನಿ ಕೂತರೆ ಗೋಡೆ ಕುಡಿದಿದೆ. ಕೋಣೆಯ ಬದಿಗೆ ಕೂತರೆ ಗಾಳಿಯಾಟ ಸಾಲದು, ಕಿಟಕಿ ತೆಗೆಯಬೇಕು, ಗೋಡೆಯ ತಪ್ಪಲ್ಲ.

ಇಷ್ಟೆಲ್ಲ ಮೇಸ್ತ್ರಿಗಳಿಗೂ ಗೊತ್ತು. ಗೊತ್ತಿದ್ದೂ ಒದ್ದೆ ಗೋಡೆಗೆ ಯಾಕೆ ಗಾರೆ ಹಾಕುತ್ತಾರೆ? ಅನುಭವಸ್ಥ ಮೇಸ್ತ್ರಿಯೊಬ್ಬರು ನನಗೆ ನೇರವಾಗಿಯೇ ಹೇಳಿದ್ದರು: "ಸಾರ್, ಗೋಡೆ ಒಣಗ್ಲಿ ಅಂತ ನಾನು ಕೂತ್ರೆ ನನ್ನ ಹುಡುಗ್ರು ಬೇರೆ ಸೈಟಿಗೆ ಹೋಗ್ತಾರೆ. ಚದರಡಿ ಲೆಕ್ಕ ಮಾತಾಡಿ ಆಗಿದೆ. ಗಾರೆ ಬಿದ್ರೆ ಮಾತ್ರ ನಂಗೆ ದುಡ್ಡು."

ನಾನು ಇಷ್ಟು ದಿನ ಈ ಕಸುಬಿನಲ್ಲಿ ಕೇಳಿದ ಅತ್ಯಂತ ಮುಖ್ಯವಾದ ಮಾತು ಇದು. ಚದರಡಿ ಗುತ್ತಿಗೆಯಲ್ಲಿ ಗೋಡೆ ಮುಚ್ಚಿದಷ್ಟೂ ದುಡ್ಡು, ಕಾದಷ್ಟೂ ನಷ್ಟ. ಹೊಸ ಮನೆ ಕಟ್ಟುವಾಗ ಈ ಲೆಕ್ಕ ನಡೆಯುತ್ತದೆ. ಹಳೆ ಮನೆಯಲ್ಲಿ ಅದೇ ಲೆಕ್ಕ ಇಟ್ಟರೆ ಮೇಸ್ತ್ರಿ ಎಷ್ಟೇ ಪ್ರಾಮಾಣಿಕನಾಗಿರಲಿ, ಒದ್ದೆ ಗೋಡೆಯನ್ನು ಮುಚ್ಚಲೇಬೇಕಾಗುತ್ತದೆ. ಮೊದಲೇ ಜೂನ್‌ನಲ್ಲಿ ಜನ ಸಿಗುವುದು ಕಷ್ಟ. ಬಯಲುಸೀಮೆಯ ಗಾರೆ ಕೆಲಸದವರು ಬಿತ್ತನೆಗೆ ಊರಿಗೆ ಹೋಗಿರುತ್ತಾರೆ, ಇಲ್ಲಿಯವರು ಗದ್ದೆ ನಾಟಿಗೋ ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವುದಕ್ಕೋ ಹೋಗುತ್ತಾರೆ. ಉಳಿದ ನಾಲ್ಕು ಜನರನ್ನು ಕೈಬಿಡದಂತೆ ಇಟ್ಟುಕೊಳ್ಳುವುದೇ ಮೇಸ್ತ್ರಿಗೆ ದೊಡ್ಡ ಚಿಂತೆ.

ಅದಕ್ಕೇ ಹಳೆ ಮನೆಯ ಕೆಲಸವನ್ನು ಎರಡು ಒಪ್ಪಂದ ಮಾಡಿ ಎನ್ನುತ್ತೇನೆ. ಮಳೆಗಾಲದ ಕೆಲಸವೆಲ್ಲ ದಿನದ ಸಂಬಳಕ್ಕೆ: ಸಿಮೆಂಟ್ ಗಾರೆ ಕೆರೆದು ತೆಗೆಯುವುದು, ಅಂಗಳದ ನೀರು ತಿರುಗಿಸುವುದು, ಮಾಡಿನ (ಛಾವಣಿಯ) ಮರ ಪರೀಕ್ಷೆ, ಸುಣ್ಣ ಅರಳಿಸಿ ಇಡುವುದು, ಒಳಗಿನ ಒಣ ಕೋಣೆಗಳ ಸಣ್ಣಪುಟ್ಟ ಕೆಲಸ. ಗಾರೆ, ಬಣ್ಣ, ನೆಲ ದೀಪಾವಳಿ ಕಳೆದ ಮೇಲೆ, ಬೇಕಾದರೆ ಚದರಡಿ ಗುತ್ತಿಗೆಗೆ. ಚೌತಿಗೆ ನೆಂಟರು ಬರುತ್ತಾರೆ ಎನ್ನುವವರು ಒಳಗೋಡೆಗೆ ತೆಳ್ಳಗೆ ಸುಣ್ಣ ಹೊಡೆಸಿಕೊಳ್ಳಿ, ಅದರಿಂದ ಗೋಡೆಗೆ ತೊಂದರೆಯಿಲ್ಲ. ಕೆರೆದ ಗೋಡೆ ಎಷ್ಟು ಕಾಲ ಆರಬೇಕು ಎಂದರೆ, ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬ ಅಂದಾಜೊಂದಿದೆ. ಎರಡೂ ಬದಿ ತೆರೆದಿದ್ದರೆ, ಚಳಿಗಾಲದ ಒಣಗಾಳಿ ಚೆನ್ನಾಗಿ ಬೀಸಿದರೆ ಬೇಗ ಆರುತ್ತದೆ. ಪೂರ್ತಿ ಆರುವ ತನಕ ಕಾಯಲೇಬೇಕೆಂದಿಲ್ಲ, ಆದರೆ ಪೆನ್ಸಿಲ್ ಗೆರೆಯಿಂದ ತೇವ ಕೆಳಗಿಳಿಯುವುದು ಕಾಣಬೇಕು.

ಮಳೆಗಾಲದಲ್ಲೇ ಗಾರೆ ಕಲಸಲೇಬೇಕಾದ ಸಣ್ಣ ಕೆಲಸಗಳಿದ್ದರೆ ಮರಳಿನ ಮೇಲೆ ಕಣ್ಣಿಡಿ. ನೂರಕ್ಕೆ ಐದಾರು ಪಾಲು ತೇವ ಇರುವ ಮರಳು ಉಬ್ಬಿಕೊಂಡು, ಅಳತೆಯಲ್ಲಿ ಶೇ. 20ರಿಂದ 30ರಷ್ಟು ಹೆಚ್ಚು ಕಾಣುತ್ತದೆ. ಒಂದು ಸಿಮೆಂಟಿಗೆ ಆರು ಮರಳು ಎಂದು ಬಾಂಡ್ಲಿ ಲೆಕ್ಕದಲ್ಲಿ ಹಾಕಿದರೂ ಒಳಗೆ ಬಿದ್ದ ಮರಳು ಐದು ಬಾಂಡ್ಲಿಗಿಂತ ಹೆಚ್ಚಿರುವುದಿಲ್ಲ. ಅಂದರೆ ಗಾರೆ ನೀವು ಹೇಳಿದ್ದಕ್ಕಿಂತ ಗಡಸು. ಹೊಸ ಗೋಡೆಯಲ್ಲಿ ಸಿಮೆಂಟು ದಂಡವಾಯಿತು, ಬಿರುಕು ಸ್ವಲ್ಪ ಹೆಚ್ಚು ಬಂತು ಎನ್ನಬಹುದು. ಮೆತ್ತನೆಯ ಹಳೆ ಗೋಡೆಗೆ ಗಡಸು ಗಾರೆ ಹಿಡಿಯುವುದೇ ಇಲ್ಲ. ಒಂದು ಗಾಜಿನ ಲೋಟಕ್ಕೆ ಆ ಮರಳು ಹಾಕಿ ಎತ್ತರ ಗುರುತು ಮಾಡಿ, ಅದನ್ನು ಹೊರಗೆ ಸುರಿದು, ಲೋಟಕ್ಕೆ ಅರ್ಧ ನೀರು ತುಂಬಿ, ಅದೇ ಮರಳನ್ನು ಮತ್ತೆ ಹಾಕಿ ಕಡ್ಡಿಯಿಂದ ಕಲಕಿ. ಮರಳು ಕೆಳಗೆ ಕೂರುತ್ತದೆ. ಗುರುತಿನಿಂದ ಇಳಿದದ್ದು ಕೆಳಗೆ ಕೂತ ಮರಳಿನ ಎತ್ತರದ ಎಷ್ಟನೇ ಪಾಲೋ, ಅಷ್ಟು ಪಾಲು ಮರಳು ಹೆಚ್ಚು ಹಾಕಬೇಕು. ಕಲ್ಲು ಪುಡಿಮಾಡಿದ ಎಂ ಸ್ಯಾಂಡಿಗೂ ಇದೇ ಪರೀಕ್ಷೆ. ಸಿಮೆಂಟನ್ನಂತೂ ವಾರಕ್ಕೆ ಬೇಕಾದಷ್ಟೇ ತನ್ನಿ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ.

ಇನ್ನು ಮರದ ಕೆಲಸ. ಬಾಗಿಲು ಹಿಡಿಯುತ್ತದೆ ಎಂದು ಆಷಾಢದಲ್ಲಿ ಕೀಸುಳಿ ಹಾಕಿಸಬೇಡಿ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಬಹುಮಟ್ಟಿಗೆ ವ್ಯತ್ಯಾಸ ಇರದು. ಈಗ ಕೀಸಿದ ಬಾಗಿಲು ಫೆಬ್ರವರಿಯಲ್ಲಿ ಹಾವು ನುಗ್ಗುವಷ್ಟು ಸಂದು ಬಿಡುತ್ತದೆ. ಕೊಯ್ಸಿದ ಹೊಸ ಮರ ಮನೆಗೆ ಬಂದಿದ್ದರೆ ಅಟ್ಟದಲ್ಲಿ ನಡುವೆ ಸಣ್ಣ ರೀಪಿನ (ತೆಳು ಮರದ ಪಟ್ಟಿಯ) ತುಂಡು ಕೊಟ್ಟು ಒಟ್ಟಿಡಿ, ಆಚಾರ್ರಿಗೆ ಬೇಸಿಗೆಗೆ ಬರಲು ಹೇಳಿ.

ಮಾಡಿನ ಸೋರಿಕೆ ಹುಡುಕುವಾಗ ಹನಿ ಬಿದ್ದ ಜಾಗ ನಂಬಬೇಡಿ. ನೀರು ಒಡೆದ ಹೆಂಚಿನಿಂದ ಒಳಗಿಳಿದು, ರೀಪು ಹಿಡಿದು, ಪಕಾಸಿಯ (ಮಾಡಿನ ಇಳಿಜಾರು ತೊಲೆಯ) ಉದ್ದಕ್ಕೂ ಹರಿದು, ಎಲ್ಲೋ ಗಂಟು ಸಿಕ್ಕಲ್ಲಿ ಹನಿಯುತ್ತದೆ. ಮಳೆ ಬರುವಾಗಲೇ ಟಾರ್ಚು ಹಿಡಿದು ಅಟ್ಟ ಹತ್ತಿ, ಹನಿಯಿಂದ ಮೇಲಕ್ಕೆ ಹಿಂಬಾಲಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೆಂಚು ಬದಲಿಸುವುದು ಮಳೆ ಬಿಟ್ಟು ಹೊಳವಾದ ದಿನ, ಒಳಗಿನಿಂದಲೇ. ಪಾಚಿ ಹಿಡಿದ ಮಾಡಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಸಂಜೆಯೊಳಗೆ ಮುಚ್ಚಲು ಆಗುವಷ್ಟೇ ಬಿಚ್ಚಿ. ಅಟ್ಟದಲ್ಲಿ ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹುಳು ಇದೆ. ಸೌದೆ ಒಲೆ ಇದ್ದ ಕಾಲದಲ್ಲಿ ಅಡುಗೆಮನೆಯ ಮಾಡಿಗೆ ನಿತ್ಯ ಬಿಸಿ, ಹೊಗೆ ಸಿಗುತ್ತಿತ್ತು. ಗ್ಯಾಸು ಬಂದ ಮೇಲೆ ಅದೇ ಮರಕ್ಕೆ ತೇವ ಹುಳ ಎರಡೂ ಬಂದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಎರಚಲು ಹೊಡೆಯುವ ಪಡುವಣ ಗೋಡೆಗೆ ಹಿಂದೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಈಗ ಟಾರ್ಪಾಲು ಕಟ್ಟುತ್ತಾರೆ, ಕಟ್ಟಲಿ. ಗೋಡೆಗೆ ಒತ್ತಿ ಮಾತ್ರ ಬೇಡ. ಒಂದಡಿ ಅಂತರ ಬಿಟ್ಟು, ಕೆಳಗೂ ಮೇಲೂ ಗಾಳಿಗೆ ಜಾಗ ಬಿಡಬೇಕು.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಹಳೆ ಮನೆಯ ಮೇನ್ ಬೋರ್ಡಿಗೆ, ಕರೆಂಟು ಸೋರಿದೊಡನೆ ಕಡಿತ ಮಾಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂರಿಸದೆ ಕಟಿಂಗ್ ಮೆಷಿನ್ನು, ಗಾರೆ ಒಡೆಯುವ ಬ್ರೇಕರು ಯಾವುದನ್ನೂ ಚಾಲೂ ಮಾಡಿಸುವುದಿಲ್ಲ. ಮರದ ಪಟ್ಟಿಯ ಮೇಲಿನ ಹಳೆ ವೈರಿಂಗು, ನೀರು ಕುಡಿದ ಗೋಡೆ, ಬರಿಗಾಲಿನ ಕೆಲಸಗಾರ, ಈ ಮೂರು ಸೇರಿದಲ್ಲಿ ಜೀವ ಹೋಗಿದೆ. ಸೈಟಿನಲ್ಲೇ ಉಳಿಯುವ ಕೆಲಸದವರಿಗೆ ಟಾರ್ಪಾಲಿನ ಗುಡಿಸಲು ಹಾಕಿಸಬೇಡಿ, ಮನೆಯಲ್ಲಿ ಸೋರದ ಒಂದು ಕೋಣೆ ಬಿಟ್ಟುಕೊಡಿ, ಬಚ್ಚಲಲ್ಲಿ ಬಿಸಿನೀರು ಕೊಡಿ. ಇದು ಉಪಕಾರ ಅಲ್ಲ, ಕೆಲಸದ ಲೆಕ್ಕದಲ್ಲೇ ಸೇರಬೇಕಾದದ್ದು.

ಒಪ್ಪಂದವನ್ನು ಬರೆದಿಡಿ. ಮಳೆಯಿಂದ ಕೆಲಸ ನಿಂತ ದಿನ ಅರ್ಧ ಸಂಬಳ, ಗೋಡೆ ಆರಲು ಬಿಟ್ಟ ವಾರಗಳಲ್ಲಿ ಒಳಗಿನ ಕೆಲಸ ಕೊಡುವ ಹೊಣೆ ಮನೆಯವರದು. ದೊಡ್ಡ ಮುಂಗಡ ಬೇಡ, ವಾರಕ್ಕೊಮ್ಮೆ ಲೆಕ್ಕ ಚುಕ್ತಾ. ಗಾರೆ ಗುತ್ತಿಗೆಯಲ್ಲಿ ನೂರಕ್ಕೆ ಐದರಷ್ಟು ಹಣ ಮುಂದಿನ ವರ್ಷದ ಪುಷ್ಯ ಮಳೆ ಮುಗಿಯುವ ತನಕ ಮನೆಯವರ ಹತ್ತಿರ ಇರಲಿ. ಇದಕ್ಕೆ ಮೇಸ್ತ್ರಿಗಳು ಮೊದಲು ಒಪ್ಪುವುದಿಲ್ಲ. ಹಿಂದೆ ಎಷ್ಟೋ ಕಡೆ ಆ ಹಣ ಕೈಗೆ ಬಂದೇ ಇರುವುದಿಲ್ಲ, ಅವರ ಅನುಮಾನ ನ್ಯಾಯವೇ. ಹಾಗಾಗಿ ಎರಡು ಮಾತು ಸ್ಪಷ್ಟವಾಗಿ ಸೇರಿಸಿ: ಅಂಗಳ, ಸೂರು, ಚರಂಡಿಯಿಂದ ಬಂದ ತೇವಕ್ಕೆ ಮೇಸ್ತ್ರಿ ಹೊಣೆಯಲ್ಲ. ಪುಷ್ಯ ಕಳೆದ ವಾರದೊಳಗೆ ಇಬ್ಬರೂ ಕೂಡಿ ಗೋಡೆ ತಟ್ಟಿ ನೋಡಬೇಕು, ಟೊಳ್ಳು ಇಲ್ಲದಿದ್ದರೆ ಅಲ್ಲೇ ಹಣ ಕೊಡಬೇಕು. ಪೆನ್ಸಿಲ್ ಗೆರೆಗಳ ಫೋಟೊ ಇಬ್ಬರ ಮೊಬೈಲಿನಲ್ಲೂ ಇರಲಿ, ಸಹಿ ಹಾಕಿದ ಕಾಗದದ ಒಂದೊಂದು ಪ್ರತಿ ಇಬ್ಬರ ಹತ್ತಿರವೂ ಇರಲಿ.