ಅಂಕಿ ಚಿಕ್ಕದು, ಆದರೆ ಲಿವರ್ ಯಾರದು?

ಹೆಪಟೈಟಿಸ್ ಬಿ ಸೋಂಕು ಇರುವವರ ರಕ್ತಪರೀಕ್ಷೆಯ ವರದಿಯಲ್ಲಿ ಹೀಗೊಂದು ಸಾಲು ಇರುತ್ತದೆ: ‘ಎಚ್‌ಬಿವಿ ಡಿಎನ್‌ಎ – 380’. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಈ ಸೋಂಕಿನ ವೈರಸ್ 380 ಅಂತರರಾಷ್ಟ್ರೀಯ ಯೂನಿಟ್‌ನಷ್ಟಿದೆ ಎಂದು ಅದರ ಅರ್ಥ. ಕೆಲವರಲ್ಲಿ ಇದೇ ಅಂಕಿ ಕೋಟಿಗಳನ್ನು ದಾಟುತ್ತದೆ. ಅದರ ಮುಂದೆ 380 ಯಾವ ಲೆಕ್ಕ ಎನ್ನಿಸಿ, ವರದಿಯನ್ನು ಮಡಚಿ ಫೈಲಿಗೆ ಸೇರಿಸಿಬಿಡುವುದು ಸಹಜ. ಲಿವರ್ ಚೆನ್ನಾಗಿದ್ದರೆ ಆ ನೆಮ್ಮದಿಗೆ ಒಂದಿಷ್ಟು ಆಧಾರವಿದೆ. ಸಿರೋಸಿಸ್ ಆಗಿ ಲಿವರ್ ನಾರುಗಟ್ಟಿದ್ದರೆ ಇಲ್ಲ.

2000 ಯೂನಿಟ್‌ಗಿಂತ ಕೆಳಗಿದ್ದರೆ ‘ಕಡಿಮೆ’ ಎನ್ನುವುದು ರೂಢಿ. ವೈರಸ್ಸಿನ ಪ್ರಮಾಣ ಏರಿದಂತೆ ಲಿವರ್ ಕ್ಯಾನ್ಸರಿನ ಅಪಾಯವೂ ಏರುತ್ತದೆ ಎಂದು ತೈವಾನಿನ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟ ಮೇಲೆ ಈ ಗೆರೆಗೆ ಬಲ ಬಂದಿತು. ಅವರು 3,653 ಜನರನ್ನು ಸರಾಸರಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ್ದರು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಜನರಲ್ಲಿ ಬಹುಪಾಲು ಮಂದಿಗೆ ಸಿರೋಸಿಸ್ ಇರಲಿಲ್ಲ. ಅವರಿಗೆ ಹೊಂದುವ ಗೆರೆಯನ್ನು ಗಾಯಗೊಂಡ ಲಿವರಿಗೂ ಎಳೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅನಿಸಿಕೆ.

ಸಿರೋಸಿಸ್ ಆದ ಲಿವರಿನ ಒಳಗೆ ಏನಾಗುತ್ತಿರುತ್ತದೆ? ವರ್ಷಗಟ್ಟಲೆ ಉರಿಯೂತದಿಂದ ಬೆಂದ ಜಾಗದಲ್ಲೆಲ್ಲ ಗಾಯದ ಕಲೆಯಂತಹ ನಾರು ಬೆಳೆದಿರುತ್ತದೆ. ನಾರಿನ ಪಟ್ಟಿಗಳ ನಡುವೆ ಉಳಿದ ಜೀವಕೋಶಗಳು ನಷ್ಟ ತುಂಬಲು ಮತ್ತೆ ಮತ್ತೆ ವಿಭಜನೆಗೊಂಡು ಗಂಟುಗಂಟಾಗಿ ಬೆಳೆಯುತ್ತವೆ. ಪ್ರತಿ ವಿಭಜನೆಯಲ್ಲೂ ಡಿಎನ್‌ಎ ನಕಲಾಗಬೇಕು. ನಕಲು ಹೆಚ್ಚಿದಷ್ಟೂ ತಪ್ಪುಗಳಿಗೆ ಅವಕಾಶ ಹೆಚ್ಚು. ವೈರಸ್ ಕೂಡ ಸುಮ್ಮನಿರುವುದಿಲ್ಲ. ಅದರ ಡಿಎನ್‌ಎ ತುಣುಕುಗಳು ನಮ್ಮ ವರ್ಣತಂತುಗಳಲ್ಲಿ ಹೊಕ್ಕು ಕೂರುತ್ತವೆ. ಲಿವರ್ ಕ್ಯಾನ್ಸರಿನ ಗೆಡ್ಡೆಗಳನ್ನು ಪರೀಕ್ಷಿಸಿದಾಗ ಈ ತುಣುಕುಗಳು ಪದೇ ಪದೇ ಸಿಕ್ಕಿರುವುದು ‘ಟರ್ಟ್’ ಎಂಬ ಜೀನಿನ ಆಸುಪಾಸಿನಲ್ಲಿ. ಜೀವಕೋಶಕ್ಕೆ ಮುಪ್ಪಿಲ್ಲದೆ ವಿಭಜಿಸುತ್ತಲೇ ಇರುವ ಶಕ್ತಿ ಕೊಡುವ ಕಿಣ್ವಕ್ಕೆ ಸೂತ್ರ ಇರುವುದು ಆ ಜೀನಿನಲ್ಲೇ.

ಇಷ್ಟೆಲ್ಲ ನಡೆಯುವುದು ಲಿವರಿನಲ್ಲಿ, ನಾವು ಎಣಿಸುವುದು ರಕ್ತದಲ್ಲಿ. ಕೋಶಕೇಂದ್ರದೊಳಗೆ ವೈರಸ್ಸಿನ ಡಿಎನ್‌ಎ ಉಂಗುರದಂತೆ ಸುತ್ತಿಕೊಂಡು ವರ್ಷಾನುಗಟ್ಟಲೆ ಉಳಿಯಬಲ್ಲದು. ಎಂಟೆಕವಿರ್, ಟೆನೊಫೊವಿರ್ ಮಾತ್ರೆಗಳು ಹೊಸ ವೈರಸ್ ತಯಾರಾಗುವುದನ್ನು ತಡೆಯುತ್ತವೆ, ಉಂಗುರವನ್ನು ಅಳಿಸುವುದಿಲ್ಲ. ಸಿರೋಸಿಸ್ ಇರುವವರಲ್ಲಿ ವೈರಸ್ ಪ್ರಮಾಣ ಕಡಿಮೆಯಿದ್ದು, ಉರಿಯೂತ ಸೂಚಿಸುವ ಎಎಲ್‌ಟಿ ಎಂಬ ಕಿಣ್ವ ಕೂಡ ಸಹಜ ಮಟ್ಟದಲ್ಲಿರುವುದು ಅಪರೂಪವೇನಲ್ಲ. ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಹಾಗೆ.

ಆದ್ದರಿಂದಲೇ ಯುರೋಪಿನ ಲಿವರ್ ತಜ್ಞರ ಸಂಘ 2017ರ ಮಾರ್ಗಸೂಚಿಯಲ್ಲಿ, ಸಿರೋಸಿಸ್ ಇದ್ದು ರಕ್ತದಲ್ಲಿ ವೈರಸ್ ಪತ್ತೆಯಾಗುತ್ತಿದ್ದರೆ, ಅದು ಎಷ್ಟೇ ಇರಲಿ, ಎಎಲ್‌ಟಿ ಸಹಜವೇ ಇರಲಿ, ಚಿಕಿತ್ಸೆ ಬೇಕೆಂದು ಹೇಳಿತು. ಮಾತ್ರೆ ಆರಂಭಿಸಿದ ಮೇಲೂ ಸ್ವಲ್ಪ ವೈರಸ್ ಉಳಿದರೆ? ಎಂಟೆಕವಿರ್ ಪಡೆಯುತ್ತಿದ್ದವರ ಬಗ್ಗೆ ಕೊರಿಯಾದಲ್ಲಿ ನಡೆದು ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಇದನ್ನೇ ನೋಡಿತು. ಸಿರೋಸಿಸ್ ಇದ್ದವರ ಪೈಕಿ, ಹೀಗೆ ಅಲ್ಪಸ್ವಲ್ಪ ವೈರಸ್ ಕಾಣಿಸಿಕೊಳ್ಳುತ್ತಿದ್ದವರಲ್ಲಿ ಕ್ಯಾನ್ಸರ್ ಹೆಚ್ಚು ಕಂಡುಬಂತು; ಸಿರೋಸಿಸ್ ಇಲ್ಲದವರಲ್ಲಿ ಅಂತಹ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅದೇ ಚಿಕ್ಕ ಅಂಕಿ, ಬೇರೆ ಲಿವರ್.

ಇಂತಹ ವರದಿ ಬಂದಾಗ ವೈದ್ಯರು ಮೊದಲು ಕೇಳುವುದು ಸರಳ ಪ್ರಶ್ನೆ: ಮಾತ್ರೆ ತಪ್ಪುತ್ತಿದೆಯೇ? ಎಂಟೆಕವಿರ್ ಆದರೆ ಊಟಕ್ಕೂ ಅದಕ್ಕೂ ಹಿಂದೆ ಮುಂದೆ ಎರಡೆರಡು ಗಂಟೆ ಅಂತರವಿರಬೇಕು, ಇಲ್ಲದಿದ್ದರೆ ಮೈಗೆ ಹತ್ತುವ ಔಷಧಿಯ ಪ್ರಮಾಣ ಇಳಿಯುತ್ತದೆ. ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವುದಂತೂ ಬಹಳ ಅಪಾಯಕಾರಿ. ವೈರಸ್ ಒಮ್ಮೆಲೇ ಕೆರಳಿದರೆ, ಈಗಾಗಲೇ ಸೋತ ಲಿವರ್ ಕೈಕೊಡಬಹುದು.

ವೈರಸ್ ಪೂರ್ತಿ ಕಾಣದಂತಾದರೂ ಆರು ತಿಂಗಳಿಗೊಮ್ಮೆಯ ಅಲ್ಟ್ರಾಸೌಂಡ್ ತಪ್ಪಿಸುವಂತಿಲ್ಲ, ಹಳೆಯ ಗಂಟುಗಳು ಅಲ್ಲೇ ಇರುತ್ತವೆ. ಸ್ಕ್ಯಾನ್ ಮಾಡುವವರು ಹೊಟ್ಟೆಗೆ ಜೆಲ್ ಹಚ್ಚಿ, ಉಸಿರು ಹಿಡಿಯಲು ಹೇಳಿ, ಪಕ್ಕೆಲುಬುಗಳ ಕೆಳಗೆ ಪ್ರೋಬ್ ಒತ್ತಿ ನಿಧಾನವಾಗಿ ಹೊರಳಿಸುತ್ತಾರೆ. ಉಬ್ಬುತಗ್ಗಾದ ಆ ಬೂದು ಚಿತ್ರದಲ್ಲಿ ಅವರು ಹುಡುಕುತ್ತಿರುವುದು ಸುತ್ತಲಿನ ಗಂಟುಗಳಂತೆ ಕಾಣದ ಒಂದು ಗಂಟನ್ನು. ಅದು ಎರಡು ಸೆಂಟಿಮೀಟರ್ ದಾಟುವ ಮುನ್ನ ಸಿಕ್ಕರೆ, ಸೂಜಿಯೊಂದನ್ನು ಒಳಗಿಳಿಸಿ ಶಾಖದಿಂದ ಸುಟ್ಟುಹಾಕಲು ಹಲವು ಬಾರಿ ಸಾಧ್ಯವಾಗುತ್ತದೆ.