ಎಂ.ಐ. ರೂಮಿನ ರಿಜಿಸ್ಟರ್ ಏನು ಹೇಳುತ್ತದೆ?

ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ತರಬೇತಿಯಲ್ಲಿರುವ ಹುಡುಗನೊಬ್ಬನಿಗೆ ಕಾಲು ನೋವು ಅಂದುಕೊಳ್ಳಿ. ಅವನು ಬೆಳಿಗ್ಗೆ ಸಿಕ್ ರಿಪೋರ್ಟ್ ಮಾಡಿ, ಅಂದರೆ ಹುಷಾರಿಲ್ಲ ಎಂದು ತಿಳಿಸಿ, ಎಂ.ಐ. ರೂಮಿಗೆ (ಮೆಡಿಕಲ್ ಇನ್‌ಸ್ಪೆಕ್ಷನ್ ರೂಮ್, ಸೈನಿಕರ ಚಿಕ್ಕ ದವಾಖಾನೆ) ಹೋಗುತ್ತಾನೆ. ಡಾಕ್ಟರ್ ನೋಡಿ ಮಾತ್ರೆ ಕೊಡುತ್ತಾರೆ. ಹಗುರ ಕೆಲಸ ಮಾಡಬಹುದಾದರೆ 'ಅಟೆಂಡ್ ಬಿ', ಪೂರ್ತಿ ವಿಶ್ರಾಂತಿ ಬೇಕಾದರೆ 'ಅಟೆಂಡ್ ಸಿ' ಎಂದು ಬರೆಯುತ್ತಾರೆ. ಅಡ್ಮಿಟ್ ಆಗುವ ಮಾತೇ ಇಲ್ಲ. ಸೈನಿಕರ ಕಾಯಿಲೆಗಳಲ್ಲಿ ಬಹುಪಾಲು ಇಂಥವೇ. ಅಡ್ಮಿಟ್ ಆದವರನ್ನಷ್ಟೇ ಎಣಿಸಿದರೆ ಇವು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಓಪಿಡಿ ರಿಜಿಸ್ಟರಿನಲ್ಲಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವವರ ದಾಖಲೆಯಲ್ಲಿ, ಏನು ಬರೆಯಬೇಕು? ಜಗತ್ತಿನಾದ್ಯಂತ ಬಳಸುವ ಐಸಿಡಿ-10 ಎಂಬ ಕಾಯಿಲೆಗಳ ಸಂಕೇತಪಟ್ಟಿಯಲ್ಲಿ ಕೈಕಾಲು ನೋವಿಗೆ ಎಂ79.6 ಎಂಬ ಸಂಕೇತವಿದೆ. ಮತ್ತೆ ಮತ್ತೆ ಭಾರ ಬಿದ್ದು ಎಲುಬಿನಲ್ಲಿ ಮೂಡುವ ಸಣ್ಣ ಬಿರುಕಿಗೆ ಎಂ84.3. ಓಟ, ಪರೇಡ್ ಒಮ್ಮೆಲೇ ಹೆಚ್ಚಾದಾಗ ಹೊಸ ರಂಗರೂಟರಿಗೆ ಈ ಬಿರುಕು ಬರುವುದುಂಟು. ತೊಂದರೆ ಏನೆಂದರೆ, ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಕಾಣುವುದಿಲ್ಲ. ಮೊದಲ ದಿನ 'ಕಾಲು ನೋವು' ಎಂದು ಬರೆದದ್ದು ತಪ್ಪಲ್ಲ. ಆದರೆ ಅದೇ ಹುಡುಗ ಮತ್ತೆ ಬಂದು ಬಿರುಕು ಗೊತ್ತಾದಾಗ, ಎರಡೂ ಭೇಟಿಗಳು ಒಂದೇ ಕಾಯಿಲೆಯವು ಎಂದು ದಾಖಲೆಯಲ್ಲಿ ಜೋಡಿಸಬೇಕು. ಇಲ್ಲದಿದ್ದರೆ ಒಂದು ಬಿರುಕು ಎರಡು ಬೇರೆ ಕಾಯಿಲೆಯಾಗಿ ಕಾಣುತ್ತದೆ. ಸರಿಯಾಗಿ ಜೋಡಿಸಿದರೆ, ತರಬೇತಿಯ ಯಾವ ವಾರದಲ್ಲಿ ನೋವು ಜಾಸ್ತಿ ಅನ್ನುವುದು ಗೊತ್ತಾಗಿ ಓಟದ ವೇಳಾಪಟ್ಟಿಯನ್ನೇ ಬದಲಿಸಬಹುದು. ಹುಡುಗರ ಕಾಲು ಉಳಿಯುವುದು ಇಲ್ಲೇ.

ಊರಿನ ಆಸ್ಪತ್ರೆಗೆ ಇಲ್ಲದ ಒಂದು ಅನುಕೂಲ ಸೈನ್ಯಕ್ಕಿದೆ. ನಮ್ಮೂರ ದವಾಖಾನೆಗೆ 40 ಜನ ಜ್ವರ ಅಂತ ಬಂದರೆ, ಎಷ್ಟು ಜನರಲ್ಲಿ 40 ಅಂತ ಹೇಳುವುದು ಕಷ್ಟ. ಕೆಲವರು ಖಾಸಗಿಗೆ ಹೋಗಿರುತ್ತಾರೆ, ಕೆಲವರು ಮನೆಯಲ್ಲೇ ಕಷಾಯ ಕುಡಿದು ಸುಮ್ನೆ ಮಲಗಿರುತ್ತಾರೆ. ತರಬೇತಿ ಕಂಪನಿಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಪ್ರತಿದಿನದ ಹಾಜರಿಯಲ್ಲೇ ಸಿಗುತ್ತದೆ. ಸಾವಿರಕ್ಕೆ ಎಷ್ಟು ಎಂದು ಲೆಕ್ಕ ಹಾಕಬಹುದು.

ಒಂದೇ ಬ್ಯಾರಕ್ಕಿನಲ್ಲಿ ಮಲಗುವವರಿಗೆ ಕೆಮ್ಮು ಬೇಗ ಅಂಟುತ್ತದೆ, ಅಲ್ವಾ? ಹೀಗೆ ಹರಡುವ ಕಾಯಿಲೆಯನ್ನು ಬೇಗ ಹಿಡಿಯಲು ಅಮೆರಿಕದ ಸೈನ್ಯ 1999ರ ಸುಮಾರಿಗೆ 'ಎಸ್ಸೆನ್ಸ್' ಎಂಬ ವ್ಯವಸ್ಥೆ ಶುರುಮಾಡಿತು. ಅದು ವಾಷಿಂಗ್ಟನ್ ಸುತ್ತಲಿನ ಸೇನಾ ಕ್ಲಿನಿಕ್ಕುಗಳ ಓಪಿಡಿ ಸಂಕೇತಗಳನ್ನು ಉಸಿರಾಟದ ತೊಂದರೆ, ಹೊಟ್ಟೆಯ ತೊಂದರೆ ಎಂಬಂಥ ಗುಂಪು ಮಾಡಿ, ಮಾಮೂಲಿಗಿಂತ ಹೆಚ್ಚಾದರೆ ಎಚ್ಚರಿಸುತ್ತಿತ್ತು. ಲ್ಯಾಬ್ ವರದಿಗೆ ಕಾಯಬೇಕಿರಲಿಲ್ಲ. ಆದರೆ ಸಂಕೇತ ಹಾಕುವುದೇ ತಡವಾದರೆ ಎಚ್ಚರಿಕೆಯೂ ತಡ. ಅದಕ್ಕೇ ರೋಗಿ ಹೊರಡುವ ಮೊದಲೇ ಅದನ್ನು ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿವೃತ್ತ ಸೈನಿಕರ ವಿಷಯ ಬೇರೆ. ಅವರಿಗಾಗಿ 2003ರಲ್ಲಿ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಬಂತು. ಅದರ ಪಾಲಿಕ್ಲಿನಿಕ್ಕಿಗೆ ಬಿಪಿ ಇರುವ ಅಜ್ಜ ಪ್ರತಿ ತಿಂಗಳು ಮಾತ್ರೆಗೆ ಬಂದರೆ ವರ್ಷಕ್ಕೆ 12 ಭೇಟಿ. ಭೇಟಿಗಳನ್ನೇ ರೋಗಿಗಳು ಅಂತ ಎಣಿಸಿದರೆ ಒಬ್ಬರು 12 ಜನ ಆಗುತ್ತಾರೆ. ಊರಲ್ಲಿ ಎಷ್ಟು ನಿವೃತ್ತರಿಗೆ ಬಿಪಿ ಇದೆ ಎಂದು ತಿಳಿಯಲು ಕಾರ್ಡ್ ನಂಬರಿನಿಂದ ಜನರನ್ನು ಎಣಿಸಬೇಕು. ಆದರೆ ಎಷ್ಟು ಡಾಕ್ಟರು ಬೇಕು, ಎಷ್ಟು ಮಾತ್ರೆ ತರಿಸಬೇಕು ಅನ್ನುವುದಕ್ಕೆ ಭೇಟಿಗಳ ಲೆಕ್ಕವೇ ಸರಿ.